ಚಿಕ್ಕ ಪಿಕಪ್‌ಗೆ ಕ್ಯಾಂಪರ್ರೋ ಟ್ರೇಲರ್ರೋ? ಮೊದಲು ಬಾಗಿಲು ತೆಗೆದು ಚೀಟಿ ಓದಿ

ಟಕೋಮಾ, ರೇಂಜರ್, ಫ್ರಾಂಟಿಯರ್ ಥರದ ಚಿಕ್ಕ ಪಿಕಪ್ ಇರುವ ಅಮೆರಿಕದ ಕನ್ನಡಿಗ ಸ್ನೇಹಿತರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಡ್ (ಹಿಂದಿನ ಸರಕಿನ ತೊಟ್ಟಿ) ಮೇಲೆ ಕೂರಿಸುವ, ಒಳಗೆ ಮಲಗಬಹುದಾದ ಸ್ಲೈಡ್-ಇನ್ ಕ್ಯಾಂಪರ್ ಒಳ್ಳೆಯದೋ, ಹಿಂದೆ ಎಳೆಯುವ ಟ್ರೇಲರ್ ಒಳ್ಳೆಯದೋ ಎಂಬ ಪ್ರಶ್ನೆಗೆ ನನ್ನ ಉತ್ತರ ನೇರ. ಇಬ್ಬರೇ ಹೋಗುವುದಾದರೆ, ಮೇಲ್ಛಾವಣಿ ಎತ್ತಿ ಇಳಿಸುವ ಹಗುರ ಪಾಪ್-ಅಪ್ ಕ್ಯಾಂಪರ್. ಮಕ್ಕಳೂ ಇದ್ದರೆ, ಊರಿಂದ ಅಪ್ಪ ಅಮ್ಮ ಬರುವವರಿದ್ದರೆ, ತುಂಬಿದ ತೂಕ 3,000 ಪೌಂಡ್ ಆಸುಪಾಸಿನ ಟ್ರೇಲರ್. ಗಟ್ಟಿ ಗೋಡೆಯ ಪೂರ್ಣ ಕ್ಯಾಂಪರನ್ನು ಚಿಕ್ಕ ಪಿಕಪ್ ಮೇಲೆ ಕೂರಿಸಲೇಬೇಡಿ.

ಜಾಹೀರಾತಿನಲ್ಲಿ 6,000 ಪೌಂಡ್ ಎಳೆಯುತ್ತದೆ ಅಂತ ಓದಿ, 1,000 ಪೌಂಡಿನ ಕ್ಯಾಂಪರ್ ಯಾವ ಲೆಕ್ಕ ಅಂದುಕೊಳ್ಳುವವರು ಬಹಳ. ಎಳೆಯುವುದು ಬೇರೆ, ಹೊರುವುದು ಬೇರೆ. ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನಲ್ಲಿ ಟೈರ್ ಗಾಳಿಯ ವಿವರ ಇರುವ ಚೀಟಿ ಕಾಣುತ್ತದೆ. ಜನ ಮತ್ತು ಸರಕು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಅದೇ ಪೇಲೋಡ್. ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲೂ ಈ ಅಂಕಿ ಬೇರೆ ಇರಬಹುದು, ಹಾಗಾಗಿ ನಿಮ್ಮ ಗಾಡಿಯ ಚೀಟಿಯನ್ನೇ ಓದಿ. ಆಮೇಲೆ ಹಾಕಿಸಿದ ಕಬ್ಬಿಣದ ಬಂಪರ್, ರ‍್ಯಾಕ್ ಎಲ್ಲದರ ತೂಕವನ್ನೂ ಅದರಿಂದ ಕಳೆಯಿರಿ.

ಚೀಟಿಯಲ್ಲಿ 1,150 ಪೌಂಡ್ ಇದೆ ಅಂತಿಟ್ಟುಕೊಳ್ಳಿ. ಗಟ್ಟಿ ಗೋಡೆಯ ಕ್ಯಾಂಪರ್ ಖಾಲಿ 1,000. ಒಂದು ಗ್ಯಾಲನ್ ನೀರು 8.34 ಪೌಂಡ್ ತೂಗುವುದರಿಂದ 20 ಗ್ಯಾಲನ್‌ಗೆ 167. 20 ಪೌಂಡ್ ಅನಿಲ ಹಿಡಿಯುವ ಪ್ರೊಪೇನ್ ಸಿಲಿಂಡರ್ ತುಂಬಿದಾಗ ಸುಮಾರು 37. ಲೆಡ್-ಆ್ಯಸಿಡ್ ಬ್ಯಾಟರಿ 60. ಅಕ್ಕಿ, ಬೇಳೆ, ಕುಕ್ಕರ್, ಕಬ್ಬಿಣದ ಕಾವಲಿ, ಹಾಸಿಗೆ, ಬಟ್ಟೆ ಸೇರಿ 160. ಗಂಡ ಹೆಂಡತಿ 320. ಒಟ್ಟು 1,744. ಮಕ್ಕಳನ್ನು ಸೇರಿಸುವ ಮೊದಲೇ ಸುಮಾರು 600 ಪೌಂಡ್ ಹೆಚ್ಚಾಯಿತು!

ಅಷ್ಟು ಭಾರ ಹೇರಿದರೆ ಹಿಂದಿನ ಸ್ಪ್ರಿಂಗ್ ಚಪ್ಪಟೆಯಾಗಿ ಮೂತಿ ಮೇಲೇಳುತ್ತದೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆಯಾಗಿ ಸ್ಟಿಯರಿಂಗ್ ತೇಲುತ್ತದೆ, ಹಿಂದಿನ ಟೈರ್ ಕಾಯುತ್ತದೆ. ಏರ್‌ಬ್ಯಾಗ್ (ಹಿಂದಿನ ಸ್ಪ್ರಿಂಗಿಗೆ ಆಸರೆ ಕೊಡುವ ಗಾಳಿಚೀಲ) ಹಾಕಿಸಿದರೆ ಸರಿಹೋಗುತ್ತದೆ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಏರ್‌ಬ್ಯಾಗ್ ಗಾಡಿಯ ಮಟ್ಟ ಸರಿಮಾಡುತ್ತದೆ ಅಷ್ಟೆ. ಆ್ಯಕ್ಸಲ್, ಬ್ರೇಕ್, ಫ್ರೇಮ್ ಹೊರುವ ಮಿತಿ ಒಂದು ಪೌಂಡೂ ಏರುವುದಿಲ್ಲ. ದಪ್ಪ ಟೈರ್ ಹಾಕಿಸಿದರೂ ಅಷ್ಟೇ.

ಈಗ ಪಾಪ್-ಅಪ್ ಲೆಕ್ಕ. ಒಳಗೆ ಹೆಚ್ಚೇನೂ ಇಲ್ಲದ ಬರೀ ಚಿಪ್ಪು 500, ನೀರು 5 ಗ್ಯಾಲನ್ ಅಂದರೆ 42, ಲಿಥಿಯಂ ಬ್ಯಾಟರಿ 30, ಸಾಮಾನು 160, ಇಬ್ಬರು 320. ಒಟ್ಟು 1,052. ಇನ್ನೂ 98 ಪೌಂಡ್ ಉಳಿಯಿತು. ಉದ್ದವೂ ಅನುಕೂಲವೇ. ಗ್ಲೇಸಿಯರ್ ನ್ಯಾಷನಲ್ ಪಾರ್ಕಿನ ಗೋಯಿಂಗ್-ಟು-ದ-ಸನ್ ರಸ್ತೆಯ ಮೇಲ್ಭಾಗಕ್ಕೆ 21 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ. ಚಿಕ್ಕ ಪಿಕಪ್ ಮೇಲಿನ ಕ್ಯಾಂಪರ್ ಹೋಗುತ್ತದೆ, ಟ್ರೇಲರನ್ನು ಕೆಳಗೇ ಬಿಟ್ಟು ಹೋಗಬೇಕು.

ಕ್ಯಾಂಪರ್ ಕೂರಿಸುವಾಗ ಅದರ ಗುರುತ್ವಕೇಂದ್ರ ಹಿಂದಿನ ಆ್ಯಕ್ಸಲ್‌ಗಿಂತ ಮುಂದಿರಬೇಕು. 5 ಅಡಿ ಬೆಡ್‌ನಲ್ಲಿ ಇದೇ ತೊಡಕು, ಭಾರ ಹಿಂದಕ್ಕೆ ಜಾರುತ್ತದೆ. 6 ಅಡಿ ಬೆಡ್ ಇದ್ದರೆ ನೀವು ಅದೃಷ್ಟವಂತರು. ಟಕೋಮಾದ ಬೆಡ್ ಕಬ್ಬಿಣದ್ದಲ್ಲ, ನಾರು ಬೆರೆಸಿದ ಪ್ಲಾಸ್ಟಿಕ್ (ಕಾಂಪೋಸಿಟ್). ಬೋಲ್ಟ್ ಹಾಕುವುದಾದರೆ ಕೆಳಗಿನಿಂದ ಅಗಲವಾದ ಲೋಹದ ತಟ್ಟೆ ಕೊಡಿ, ಹಿಂದಿನ ಮೂಲೆಗಳಿಗೆ ಬಲ ಕೊಡುವ ಬೆಡ್ ಸ್ಟಿಫನರ್ ಹಾಕಿಸಿ. ಜಾರದಂತೆ ಅಡಿಗೆ ರಬ್ಬರ್ ಮ್ಯಾಟ್ ಹಾಸಿ. ಹೊರಟು 20–30 ಮೈಲಿ ಆದಮೇಲೆ ನಿಲ್ಲಿಸಿ, ಕ್ಯಾಂಪರನ್ನು ಗಾಡಿಗೆ ಬಿಗಿದಿಡುವ ಟರ್ನ್‌ಬಕಲ್‌ಗಳನ್ನು ಮತ್ತೆ ಬಿಗಿಮಾಡಿ, ಸಡಿಲ ಆಗಿಯೇ ಇರುತ್ತವೆ. ಇನ್ನೊಂದು ಮಾತು: ಪಾಪ್-ಅಪ್‌ನ ಒಳಗೆ ಒಗ್ಗರಣೆ ಬೇಡ. ಇಂಗು, ಸಾಸಿವೆಯ ಘಾಟು ಬಟ್ಟೆಯ ಗೋಡೆಗೆ ಹತ್ತಿದರೆ ಬಿಡುವುದಿಲ್ಲ. ಒಲೆ ಹೊರಗಿಡಿ.

ಟ್ರೇಲರ್ ವಿಷಯಕ್ಕೆ ಬಂದರೆ, ಅದರ ಭಾರವೂ ಪೇಲೋಡನ್ನು ತಿನ್ನುತ್ತದೆ ಅನ್ನುವುದೇ ಬಹಳ ಜನರಿಗೆ ಗೊತ್ತಿಲ್ಲ. ಟ್ರೇಲರ್ ತೂಕದ ಶೇ. 10ರಿಂದ 15 ಪಿಕಪ್ ಹಿಂದಿನ ಕೊಂಡಿಯಾದ ಹಿಚ್ ಮೇಲೆ ಕೂರಬೇಕು. 3,000 ಪೌಂಡಿಗೆ ಶೇ. 12 ಅಂದರೆ 360. ಹಿಚ್ಚಿಗೆ ಸಿಕ್ಕಿಸುವ, ತುದಿಯಲ್ಲಿ ಗುಂಡಿರುವ ಬಾಲ್ ಮೌಂಟ್ 25, ಅಪ್ಪ ಅಮ್ಮ ಸೇರಿ ನಾಲ್ಕು ದೊಡ್ಡವರು 600, ಬೆಡ್‌ನಲ್ಲಿ ಸಾಮಾನು 150. ಒಟ್ಟು 1,135. ಉಳಿದದ್ದು 15 ಪೌಂಡ್! ಐದನೆಯವರಾಗಿ ಮಗು ಬಂದರೆ ಬೆಡ್‌ನ ಸಾಮಾನನ್ನು ಟ್ರೇಲರ್ ಒಳಗೆ, ಸರಿಯಾಗಿ ಆ್ಯಕ್ಸಲ್ ಮೇಲೆ ಬರುವಂತೆ ಇಡಿ.

ಹಿಚ್ ಮೇಲಿನ ಭಾರ ಮನೆಯಲ್ಲೇ ಅಳೆಯಬಹುದು. ಸಮತಟ್ಟು ಜಾಗದಲ್ಲಿ ತುಂಬಿದ ಟ್ರೇಲರ್ ನಿಲ್ಲಿಸಿ ಚಕ್ರಕ್ಕೆ ಅಡ್ಡ ಕೊಡಿ. ಗಟ್ಟಿ ಮರದ ತೊಲೆಯ ಒಂದು ತುದಿ ಇಟ್ಟಿಗೆ ಮೇಲಿಟ್ಟ ಪೈಪಿನ ಮೇಲಿರಲಿ, ಇನ್ನೊಂದು ಕಡೆ ಬಚ್ಚಲಮನೆಯ ತೂಕದ ಯಂತ್ರದ ಮೇಲಿಟ್ಟ ಪೈಪಿನ ಮೇಲೆ. ಕಪ್ಲರನ್ನು (ಆ ಗುಂಡಿನ ಮೇಲೆ ಕೂರುವ ಟ್ರೇಲರಿನ ಮೂತಿ) ಇಟ್ಟಿಗೆ ಕಡೆಯ ಪೈಪಿನಿಂದ 1 ಅಡಿ, ಯಂತ್ರದ ಕಡೆಯ ಪೈಪಿನಿಂದ 2 ಅಡಿ ದೂರಕ್ಕೆ ಬರುವಂತೆ ತೊಲೆ ಮೇಲೆ ಇಳಿಸಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. 120 ತೋರಿಸಿದರೆ 360.

ಈ ಭಾರ ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಟ್ರೇಲರಿನ ಹಿಂದಿನ ಬಂಪರಿಗೆ ಸೈಕಲ್ ಸ್ಟ್ಯಾಂಡ್ ಹಾಕಿಸಿಕೊಳ್ಳುವವರು ಇದನ್ನು ನೆನಪಿಡಿ. ಅಲ್ಲಾಡತೊಡಗಿದಾಗ ಪಿಕಪ್ ಬ್ರೇಕ್ ಒತ್ತಬೇಡಿ, ವೇಗ ಹೆಚ್ಚಿಸಬೇಡಿ. ಆಕ್ಸಿಲರೇಟರ್ ಬಿಡಿ, ಸ್ಟಿಯರಿಂಗ್ ನೇರ ಹಿಡಿಯಿರಿ, ಡ್ರೈವರ್ ಬಳಿ ಇರುವ ಬ್ರೇಕ್ ಕಂಟ್ರೋಲರ್‌ನ ಕೈಗುಂಡಿಯಿಂದ ಟ್ರೇಲರ್ ಬ್ರೇಕ್ ಮಾತ್ರ ಹಾಕಿ. ಅದಕ್ಕೇ ಹೇಳುವುದು, ಕಾನೂನು ಕೇಳಲಿ ಬಿಡಲಿ, ಎಲೆಕ್ಟ್ರಿಕ್ ಬ್ರೇಕ್ ಇಲ್ಲದ ಟ್ರೇಲರ್ ಕೊಳ್ಳಬೇಡಿ. ಟ್ರೇಲರ್ ಟೈರ್‌ಗಳಲ್ಲಿ ಬೇರೆ ಗುರುತಿಲ್ಲದಿದ್ದರೆ 65 ಮೈಲಿ ವೇಗವೇ ಮಿತಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಕಾನೂನಿನ ಮಿತಿಯೇ 55. ಫೋರ್ಡ್ ಮ್ಯಾವರಿಕ್ ಪಿಕಪ್ ಇರುವವರು ಇನ್ನೊಂದು ನೋಡಿಕೊಳ್ಳಿ: 4,000 ಪೌಂಡಿನ ಟೋ ಪ್ಯಾಕೇಜ್ ಇಲ್ಲದಿದ್ದರೆ ಅದರ ಮಿತಿ 2,000 ಮಾತ್ರ.

ಹಿರಿಯರ ದೃಷ್ಟಿಯಿಂದ ನೋಡಿದರೆ ನನಗೆ ಯಾವ ಅನುಮಾನವೂ ಇಲ್ಲ. ಕ್ಯಾಂಪರಿನ ಮುಖ್ಯ ಹಾಸಿಗೆ ಡ್ರೈವರ್ ಕ್ಯಾಬಿನ್ ಮೇಲಿರುತ್ತದೆ. ಮಂಡಿ ನೋವಿರುವ ಅಮ್ಮ ಕತ್ತಲಲ್ಲಿ ಅಲ್ಲಿಂದ ಇಳಿದು, ಮತ್ತೆ ಎತ್ತರದ ಮೆಟ್ಟಿಲಿಳಿದು ಹೊರಗಿನ ಶೌಚಾಲಯಕ್ಕೆ ಹೋಗಬೇಕಾದ ಪರಿಸ್ಥಿತಿ ತರಬೇಡಿ. ಕುರ್ಚಿಯೆತ್ತರದ ಹಾಸಿಗೆ, ಪಕ್ಕದಲ್ಲೇ ಸಣ್ಣ ಶೌಚಾಲಯ ಇರುವ ಟ್ರೇಲರ್ ನೋಡಿ. ಆದರೆ ಮುಂಗಡ ಕೊಡುವ ಮುಂಚೆ ನಿಮ್ಮ ಬಡಾವಣೆಯ ಸಂಘ ಮನೆ ಮುಂದೆ ಟ್ರೇಲರ್ ನಿಲ್ಲಿಸಲು ಬಿಡುತ್ತದೆಯೇ ಕೇಳಿ. ಬಿಡದಿದ್ದರೆ ತಿಂಗಳ ಬಾಡಿಗೆಗೆ ಬೇರೆ ಜಾಗ ಹುಡುಕಬೇಕು.

ಕೊಂಡಾದ ಮೇಲೆ ಮೊದಲ ಪ್ರವಾಸದ ದಿನ ಟ್ಯಾಂಕ್ ತುಂಬಿಸಿ, ಎಲ್ಲರನ್ನೂ ಕೂರಿಸಿಕೊಂಡು, ಟ್ರಕ್ ಸ್ಟಾಪಿನಲ್ಲಿ ವಾಹನ ತೂಗುವ ಕ್ಯಾಟ್ ಸ್ಕೇಲ್‌ಗೆ ಹೋಗಿ. ಮುಂದಿನ ಆ್ಯಕ್ಸಲ್ ಒಂದು ಹಲಗೆಯ ಮೇಲೆ, ಹಿಂದಿನದು ಎರಡನೆಯದರ ಮೇಲೆ, ಟ್ರೇಲರ್ ಮೂರನೆಯದರ ಮೇಲೆ. ಕೈಗೆ ಬರುವ ರಸೀದಿಯಲ್ಲಿ ಹಿಂದಿನ ಆ್ಯಕ್ಸಲ್‌ನ ಅಂಕಿಯನ್ನೇ ಮೊದಲು ನೋಡಿ. ಬಾಗಿಲ ಚೌಕಟ್ಟಿನ ಇನ್ನೊಂದು ಚೀಟಿಯಲ್ಲಿ ಆ ಆ್ಯಕ್ಸಲ್‌ನ ಮಿತಿ ಬರೆದಿರುತ್ತದೆ. ಮೀರಿದ್ದರೆ ಅಲ್ಲೇ ನಿಲ್ಲಿಸಿ ಸಾಮಾನಿನ ಜಾಗ ಬದಲಿಸಿ, ನೀರು ಚೆಲ್ಲಿ, ಮತ್ತೆ ತೂಗಿಸಿ.