ಟ್ಯೂಬ್‌ಲೆಸ್ ಸೈಕಲ್ಲು, ಬ್ಯಾಗಿನಲ್ಲೊಂದು ಟ್ಯೂಬು

ಬೈಕು, ಕಾರಿಗೆಲ್ಲ ಟ್ಯೂಬ್‌ಲೆಸ್ ಬಂತು, ಸೈಕಲ್ಲಿಗೆ ಯಾಕೆ ಬೇಡ? ಶಿವಮೊಗ್ಗದಲ್ಲಿ ಭಾನುವಾರ ಬೆಳಗ್ಗೆ ಹೆಲ್ಮೆಟ್ ಹಾಕಿಕೊಂಡು ಗಾಜನೂರು ಡ್ಯಾಮಿನ ಕಡೆ ಹೊರಡುವವರು ಕೇಳುವ ಪ್ರಶ್ನೆ ಇದು. ಪ್ರಶ್ನೆ ಸರಿಯಾಗಿಯೇ ಇದೆ. ಟೈರಿನೊಳಗೆ ಟ್ಯೂಬಿನ ಬದಲು ಹಾಲಿನಂಥ ಸೀಲೆಂಟ್ ಇರುತ್ತದೆ. ಮುಳ್ಳು ಚುಚ್ಚಿದರೆ ಗಾಳಿಯ ಜೊತೆ ಅದೂ ತೂತಿಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ, ನೀವು ಸುಮ್ನೆ ತುಳಿಯುತ್ತಾ ಹೋದರಾಯಿತು. ಗುಂಡಿಗೆ ಬಿದ್ದಾಗ ರಿಮ್ಮಿಗೆ ಸಿಕ್ಕಿ ಹರಿಯಲು ಟ್ಯೂಬೇ ಇಲ್ಲವಲ್ಲ, ಹಾಗಾಗಿ ಗಾಳಿ ಸ್ವಲ್ಪ ಕಡಿಮೆ ಇಟ್ಟುಕೊಂಡು ಮೆತ್ತಗೆ ಓಡಿಸಬಹುದು. ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆಗಳನ್ನು ನೋಡಿದವರಿಗೆ ಇದು ಸಣ್ಣ ಸುಖ ಅಲ್ಲ.

ಆದರೆ ದಿನಾ ಹಾಲಿಗೆ, ತರಕಾರಿಗೆ, ಕೆಲಸಕ್ಕೆ ಓಡಾಡುವ ಸೈಕಲ್ಲಿನ ಲೆಕ್ಕ ಬೇರೆ. ಸೀಲೆಂಟ್ ಕೆಲವು ತಿಂಗಳಲ್ಲಿ ಒಣಗುತ್ತದೆ, ಬಿಸಿಲುಕಾಲದಲ್ಲಿ ಇನ್ನೂ ಬೇಗ. ಮತ್ತೆ ತುಂಬಬೇಕು. ರಿಮ್ಮು ಅದಕ್ಕೆಂದೇ ಮಾಡಿದ್ದಾಗಿರಬೇಕು, ಕಡ್ಡಿಗಳ ತೂತನ್ನೆಲ್ಲ ಟೇಪಿನಿಂದ ಮುಚ್ಚಿರಬೇಕು. ಟೈರಿನ ಅಂಚು ಕಚ್ಚಿ ಕೂರಬೇಕಾದರೆ ಗಾಳಿ ಒಮ್ಮೆಲೇ ಜೋರಾಗಿ ನುಗ್ಗಬೇಕು, ಸಣ್ಣ ಕೈಪಂಪು ಹಿಡಿದು ಒತ್ತುತ್ತಾ ಕೂತರೆ ಬೆವರು ಬರುತ್ತದೆ ಅಷ್ಟೇ. ಇನ್ನು ಗಾಜಿನ ಚೂರು ಟೈರನ್ನೇ ಸೀಳಿತು ಅನ್ನಿ, ಸೀಲೆಂಟ್ ರಸ್ತೆಪಾಲು. ಆಗೇನು ಮಾಡಬೇಕು ಗೊತ್ತಾ? ಒಳಗೊಂದು ಟ್ಯೂಬ್ ಹಾಕಬೇಕು! ಅದಕ್ಕೇ ದೂರ ಹೋಗುವ ಟ್ಯೂಬ್‌ಲೆಸ್‌ನವರ ಬ್ಯಾಗಿನಲ್ಲೂ ಒಂದು ಟ್ಯೂಬ್ ಮಡಚಿಕೊಂಡು ಕೂತಿರುತ್ತದೆ.

ಡನ್ಲಪ್ 1888ರಲ್ಲಿ ಪೇಟೆಂಟ್ ಪಡೆದ ಗಾಳಿ ಟೈರನ್ನು ಚಕ್ರಕ್ಕೆ ಅಂಟಿಸಿಬಿಡುತ್ತಿದ್ದರು. ಪಂಕ್ಚರ್ ಆದರೆ ಗಂಟೆಗಟ್ಟಲೆ ಕೆಲಸ. 1891ರಲ್ಲಿ ಮಿಶೆಲಿನ್ ಸಹೋದರರು ಬಿಚ್ಚಿ ಹಾಕುವ ಟೈರ್ ತಂದ ಮೇಲೆಯೇ ದಾರಿಯಲ್ಲಿ ಕೂತು ರಿಪೇರಿ ಮಾಡಿಕೊಳ್ಳುವುದು ಸಲೀಸಾಗಿದ್ದು. ನನಗೆ ಟ್ಯೂಬು ಇಷ್ಟವಾಗುವುದೂ ಅದಕ್ಕೇ. ಪಂಕ್ಚರ್ ಜಾಸ್ತಿ ಆಗುತ್ತದೆ, ನಿಜ, ಆದರೆ ತೀರ್ಥಹಳ್ಳಿಯಲ್ಲಾಗಲಿ ಹೊಸನಗರದಲ್ಲಾಗಲಿ ಪಂಕ್ಚರ್ ಅಂಗಡಿಯವನಿಗೆ ಏನನ್ನೂ ವಿವರಿಸಬೇಕಾಗಿಲ್ಲ. ಟ್ಯೂಬಿಗೆ ಗಾಳಿ ಹೊಡೆದು, ಬೋಗುಣಿಯ ಮಣ್ಣುನೀರಿನಲ್ಲಿ ಅದ್ದಿ ತಿರುಗಿಸುತ್ತಾನೆ. ಗುಳ್ಳೆ ಎದ್ದ ಕಡೆ ಒರೆಸಿ, ಉಜ್ಜಿ, ಸೊಲ್ಯೂಷನ್ ಸವರಿ ಕಾಯುತ್ತಾನೆ. ಆ ಕಾಯುವುದೇ ಮುಖ್ಯ. ಸೊಲ್ಯೂಷನ್ ಕೈಗೆ ಅಂಟದಷ್ಟು ಆರಿದ ಮೇಲೆ ಪ್ಯಾಚ್ ಒತ್ತಿದರೆ ಕಚ್ಚಿಕೊಳ್ಳುತ್ತದೆ, ಹಸಿಯಿದ್ದಾಗಲೇ ಒತ್ತಿದರೆ ಇಲ್ಲ. ಜುಲೈ ಮಳೆಯಲ್ಲಿ ಬೇಗ ಆರುವುದೂ ಇಲ್ಲ. "ಟೀ ಕುಡ್ಕೊಂಡ್ ಬನ್ನಿ ಸಾರ್" ಅನ್ನುತ್ತಾನೆ.

ಭಾನುವಾರ ಕಾಡುದಾರಿ ಹಿಡಿಯುವವರು ಟ್ಯೂಬ್‌ಲೆಸ್ ಹಾಕಿಸಿಕೊಳ್ಳಲಿ ಬಿಡಿ. ದಿನದ ಓಡಾಟಕ್ಕೆ ದಪ್ಪ ಟೈರು, ಒಳ್ಳೆಯ ಟ್ಯೂಬು ಸಾಕು. ಒಂದೇ ಮಾತು: ಪ್ಯಾಚ್ ಹಾಕಿಸಿದ ಮೇಲೆ ಟೈರಿನ ಒಳಗೆ ನಿಧಾನಕ್ಕೆ ಬೆರಳಾಡಿಸಿ ನೋಡಿ. ಮುಳ್ಳಿನ ಮೊನೆ ಅಲ್ಲೇ ಉಳಿದಿದ್ದರೆ ಮನೆ ಮುಟ್ಟುವುದರೊಳಗೆ ಮತ್ತೆ ಠುಸ್.