ಹೆತ್ತವಳಿಗೂ ಭೇಟಿಯ ಸಮಯ

ಒಂಬತ್ತು ತಿಂಗಳು ಒಂದೇ ಮೈಯೊಳಗೆ ಬದುಕಿದ ಎರಡು ಜೀವಗಳು ಹೊಕ್ಕುಳಬಳ್ಳಿ ಕತ್ತರಿಸಿದ ಅರ್ಧ ಗಂಟೆಯಲ್ಲಿ ಪರಸ್ಪರ ಅಪರಿಚಿತರಾಗಿಬಿಡುವ ಪವಾಡವನ್ನು ನೋಡಬೇಕೆನ್ನುವವರು ಯಾವುದಾದರೂ ಶಿಸ್ತಿನ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಹೋಗಬೇಕು. ನಾನು ಹೋಗಿದ್ದೆ. ತಾಯಿ ಒಂದು ಮಹಡಿಯಲ್ಲಿದ್ದಳು, ಕೂಸು ಇನ್ನೊಂದು ಮಹಡಿಯಲ್ಲಿತ್ತು, ಇಬ್ಬರಿಗೂ ಯಾವ ಕಾಯಿಲೆಯೂ ಇರಲಿಲ್ಲ. ‘ಮಗು ಅಬ್ಸರ್ವೇಶನ್‌ನಲ್ಲಿದೆ’ ಎಂದರು. ರೆಪ್ಪೆ ಮಿಟುಕಿಸದೆ ಆ ಕೂಸನ್ನು ನೋಡುತ್ತ ಕೂರಲು ಲೋಕದಲ್ಲಿ ಯಾರಾದರೊಬ್ಬರು ಸಿದ್ಧರಿದ್ದರೆ ಅದು ಅದರ ತಾಯಿ, ಮತ್ತು ಅಬ್ಸರ್ವೇಶನ್ನಿಗೆ ಅಡ್ಡಿಯಾಗಬಾರದೆಂದು ಅವಳನ್ನೇ ದೂರವಿಟ್ಟಿದ್ದರು.

ನರ್ಸರಿಯ ಬಾಗಿಲಿನ ಮೇಲೆ ಭೇಟಿಯ ಸಮಯವನ್ನು ಬರೆದಿತ್ತು: ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಒಮ್ಮೆಗೆ ಒಬ್ಬರಿಗೆ ಮಾತ್ರ ಪ್ರವೇಶ. ಆ ‘ಒಬ್ಬರು’ ಎಂಬುದರಲ್ಲಿ ತಾಯಿಯೂ ಸೇರಿದ್ದಳು. ಬೆಳಗಿನ ಸರದಿಯನ್ನು ಸೋದರತ್ತೆ ಬಳಸಿಕೊಂಡದ್ದರಿಂದ ಹೆತ್ತವಳು ಸಂಜೆಯವರೆಗೆ ಕಾಯಬೇಕಾಯಿತು. ಕಾಯುವವರ ಕಣ್ಣಿಗೆ ಬೀಳಲೆಂದೇ ಎದುರಿನ ಗೋಡೆಯಲ್ಲಿ ‘ತಾಯಿಯ ಹಾಲೇ ಅಮೃತ’ ಎಂಬ ದೊಡ್ಡ ಭಿತ್ತಿಪತ್ರವಿತ್ತು. ಅಮೃತವಿದ್ದದ್ದು ಮೊದಲ ಮಹಡಿಯಲ್ಲಿ, ಕುಡಿಯಬೇಕಾದವರಿದ್ದದ್ದು ಮೂರನೆಯ ಮಹಡಿಯಲ್ಲಿ. ನಡುವೆ ಒಂದು ಲಿಫ್ಟ್ ಇತ್ತು, ಅದು ಸಿಬ್ಬಂದಿಗೆ ಮೀಸಲು.

ಗಾಜಿನಾಚೆ ಕೂಸುಗಳನ್ನು ಸಾಲಾಗಿ ಮಲಗಿಸಿ ಈಚೆಯಿಂದ ನೋಡುವ ಪದ್ಧತಿಗೆ ಒಂದು ಗೌರವಾನ್ವಿತ ಪೂರ್ವಜವೂ ಇದೆ. ಅಮೆರಿಕದ ಕೋನಿ ಐಲೆಂಡ್ ಎಂಬ ಮನರಂಜನಾ ತಾಣದಲ್ಲಿ 1903ರಿಂದ 1943ರವರೆಗೆ ಮಾರ್ಟಿನ್ ಕೌನಿ ಎಂಬಾತ ಅವಧಿಗೆ ಮೊದಲೇ ಹುಟ್ಟಿದ ಶಿಶುಗಳನ್ನು ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟು ಸಾರ್ವಜನಿಕರಿಗೆ ಪ್ರದರ್ಶಿಸುತ್ತಿದ್ದ. ನೋಡಲು 25 ಸೆಂಟ್ ಟಿಕೆಟ್. ಆಸ್ಪತ್ರೆಗಳು ಅಂಥ ಕೂಸುಗಳ ಆಸೆ ಬಿಟ್ಟಿದ್ದ ಕಾಲದಲ್ಲಿ ಆತ ತಂದೆತಾಯಿಯರಿಂದ ಕಾಸೂ ಪಡೆಯದೆ ಸಾವಿರಾರು ಜೀವಗಳನ್ನು ಉಳಿಸಿದ ಎಂಬುದನ್ನು ಒಪ್ಪಲೇಬೇಕು. ಈಗ ಟಿಕೆಟ್ ಹೋಗಿದೆ, ಗಾಜು ಉಳಿದಿದೆ.

ಕೇಳಿದರೆ ಬರುವ ಮೊದಲ ಉತ್ತರ ‘ಬಾಣಂತಿಗೆ ವಿಶ್ರಾಂತಿ ಬೇಕು’ ಎಂಬುದು. ಬಹಳ ಕರುಣೆಯ ಮಾತು. ಆ ವಿಶ್ರಾಂತಿಯನ್ನು ನಾನು ಒಂದು ರಾತ್ರಿ ಹತ್ತಿರದಿಂದ ಕಂಡಿದ್ದೇನೆ: ಹನ್ನೆರಡಕ್ಕೆ ಬಿಪಿ ನೋಡಲು ಒಬ್ಬರು ಎಬ್ಬಿಸಿದರು, ಎರಡಕ್ಕೆ ಜ್ವರ ನೋಡಲು ಇನ್ನೊಬ್ಬರು ಎಬ್ಬಿಸಿದರು, ನಾಲ್ಕೂವರೆಗೆ ನೆಲ ಒರೆಸುವವರು ದೀಪ ಹಾಕಿ ಮಂಚವನ್ನೇ ಪಕ್ಕಕ್ಕೆ ಸರಿಸಿದರು. ಇಷ್ಟೆಲ್ಲ ಜನ ಬಂದುಹೋಗುವ ಕೋಣೆಯಲ್ಲಿ ಅವಳ ನಿದ್ರೆ ಕೆಡಿಸಬಹುದೆಂಬ ಅನುಮಾನಕ್ಕೆ ಗುರಿಯಾದದ್ದು ಮೂರು ಕಿಲೋ ತೂಗದ, ಅಲ್ಲಿ ಇಲ್ಲದ ಒಂದು ಪ್ರಾಣಿ ಮಾತ್ರ.

ಇನ್ನು ವ್ಯವಸ್ಥೆಯ ನಿಜವಾದ ಜಾಣ್ಮೆಗೆ ಬರೋಣ. ಹುಟ್ಟಿದ ಕೂಸನ್ನು ತಾಯಿಯ ಬರಿ ಎದೆಯ ಮೇಲೆ ಹಾಕಿದರೆ ಅದು ಬೆಚ್ಚಗಿರುತ್ತದೆ, ಅಳು ಕಡಿಮೆ, ಒಂದು ಗಂಟೆಯೊಳಗೆ ತಾನೇ ಬಾಯಿ ಹಾಕಿ ಹಾಲು ಹುಡುಕುವುದೂ ಉಂಟು. ಹಾಗೆ ಮಾಡದೆ ಒರೆಸಿ, ತೂಗಿ, ಬಟ್ಟೆಯಲ್ಲಿ ಸುತ್ತಿ ದೂರ ಒಯ್ದರೆ ಅದರ ಮೈ ತಣ್ಣಗಾಗುತ್ತದೆ. ತಣ್ಣಗಾಯಿತೆಂದು ವಾರ್ಮರಿನಡಿ ಇಡುತ್ತಾರೆ. ತಣ್ಣಗಾದ, ಅತ್ತು ಸುಸ್ತಾದ ಕೂಸು ಒಳಗಿನ ಸಕ್ಕರೆಯನ್ನು ಸುಟ್ಟುಕೊಳ್ಳುತ್ತದೆ. ಸಕ್ಕರೆ ಇಳಿಯಿತೆಂದು ಪುಡಿಹಾಲು ಕುಡಿಸುತ್ತಾರೆ. ಹೊಟ್ಟೆ ತುಂಬಿದ ಕೂಸು ಸಂಜೆಯ ಭೇಟಿಯ ಗಂಟೆಯಲ್ಲಿ ಗಡದ್ದಾಗಿ ನಿದ್ರಿಸುತ್ತಿದ್ದು ಎದೆಗೆ ಬಾಯಿ ಹಾಕುವುದಿಲ್ಲ. ಕೂಸು ಚೀಪದ ಎದೆಯಲ್ಲಿ ಹಾಲು ಇಳಿಯುವುದಿಲ್ಲ. ಆಗ ತಾಯಿಯ ಕೇಸ್ ಶೀಟಿನಲ್ಲಿ ‘ಹಾಲು ಸಾಲದು’ ಎಂದೂ ಮಗುವಿನದರಲ್ಲಿ ‘ಸರಿಯಾಗಿ ಚೀಪುತ್ತಿಲ್ಲ’ ಎಂದೂ ಬರೆಯಲಾಗುತ್ತದೆ, ಇವೆರಡೂ ಅಬ್ಸರ್ವೇಶನ್ನನ್ನು ಇನ್ನೊಂದು ದಿನ ಮುಂದುವರಿಸಲು ತಕ್ಕ ಕಾರಣಗಳಾಗುತ್ತವೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರ ಬಗ್ಗೆ ನಮ್ಮ ಹಿರಿಯರು ಗಾದೆ ಕಟ್ಟಿದ್ದರು. ಚಿವುಟಿದ್ದಕ್ಕೂ ತೂಗಿದ್ದಕ್ಕೂ ಬೇರೆಬೇರೆ ಬಿಲ್ಲು ಬರುತ್ತದೆಂದು ಅವರಿಗೆ ಹೊಳೆದಿರಲಿಲ್ಲ.

‘ಆದರೆ ಮಗು ಎಷ್ಟು ಸುಮ್ಮನೆ ಮಲಗಿದೆ ನೋಡಿ’ ಎಂದರು ಸಿಸ್ಟರ್. ನಿಜ, ಮಲಗಿತ್ತು. ಆದರೆ ಆ ಸುಮ್ಮನಿರುವಿಕೆಯ ಒಳಗೆ ಏನಿದೆ ಎಂದು ಅಳೆದು ನೋಡಿದ ತಲೆಹರಟೆಯ ಸಂಶೋಧಕರಿದ್ದಾರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ದಿನದ 16 ಕೂಸುಗಳನ್ನು ಒಂದು ಗಂಟೆ ತಾಯಿಯ ಎದೆಯ ಮೇಲೂ ಒಂದು ಗಂಟೆ ತೊಟ್ಟಿಲಲ್ಲಿ ಒಂಟಿಯಾಗಿಯೂ ಮಲಗಿಸಿ ಹೃದಯಬಡಿತದ ಏರಿಳಿತವನ್ನು ದಾಖಲಿಸಲಾಯಿತು. ಒಂಟಿಯಾಗಿದ್ದಾಗ ಒತ್ತಡವನ್ನು ಸೂಚಿಸುವ ನರಮಂಡಲದ ಚಟುವಟಿಕೆ ಶೇ. 176ರಷ್ಟು ಹೆಚ್ಚಿತ್ತು, ನೆಮ್ಮದಿಯ ನಿದ್ರೆ ಶೇ. 86ರಷ್ಟು ಕಡಿಮೆಯಾಗಿತ್ತು. ಹದಿನಾರೇ ಕೂಸುಗಳ ಚಿಕ್ಕ ಅಧ್ಯಯನವದು, ಅದೊಂದನ್ನೇ ಹಿಡಿದು ತೀರ್ಪು ಕೊಡಲಾಗದು. ಆದರೂ ಗಮನಿಸಬೇಕಾದದ್ದೆಂದರೆ ಅಲ್ಲಿ ತೊಟ್ಟಿಲು ಇದ್ದದ್ದು ತಾಯಿಯ ಮಂಚದ ಮಗ್ಗುಲಲ್ಲೇ, ಮೂರನೆಯ ಮಹಡಿಯಲ್ಲಲ್ಲ.

ನಿಯಮವಿಲ್ಲದ್ದರಿಂದ ಹೀಗಾಗುತ್ತಿದೆ ಎಂದು ಯಾರೂ ಭಾವಿಸಬಾರದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲೇ ಎದೆಹಾಲುಣಿಸುವುದಕ್ಕೆ ನೆರವಾಗಲು ಆಸ್ಪತ್ರೆಗಳಿಗೆ ಹತ್ತು ಸೂತ್ರಗಳನ್ನು ಕೊಟ್ಟವು, 1991ರಲ್ಲಿ ಶಿಶುಸ್ನೇಹಿ ಆಸ್ಪತ್ರೆಯ ಯೋಜನೆಯನ್ನು ಆರಂಭಿಸಿದವು, 2018ರಲ್ಲಿ ಎಲ್ಲವನ್ನೂ ಪರಿಷ್ಕರಿಸಿದವು. ತಾಯಿ ಮತ್ತು ಮಗು ದಿನದ 24 ಗಂಟೆಯೂ ಜೊತೆಗಿರಬೇಕೆಂಬ ಏಳನೆಯ ಸೂತ್ರ ಎಲ್ಲೂ ಕಳೆದುಹೋಗಿಲ್ಲ. ನಾನು ಕಂಡ ಆಸ್ಪತ್ರೆಯಲ್ಲಿ ಅದು ಚೌಕಟ್ಟಿನೊಳಗೆ ಭದ್ರವಾಗಿತ್ತು. 2020ರ ಸೋಂಕಿನ ಕಾಲದಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ, ತಾಯಿಗೆ ಕೋವಿಡ್ ಇದ್ದರೂ ಮಾಸ್ಕ್ ಹಾಕಿ, ಕೈ ತೊಳೆದು ಕೂಸನ್ನು ಜೊತೆಗಿಟ್ಟುಕೊಳ್ಳಲಿ ಎಂದು ಹೇಳುತ್ತಲೇ ಇತ್ತು. ಅನೇಕ ಆಸ್ಪತ್ರೆಗಳು ಮಾಸ್ಕನ್ನು ಒಪ್ಪಿಕೊಂಡವು, ಜೊತೆಯನ್ನು ಒಪ್ಪಲಿಲ್ಲ.

‘ನಿಜವಾಗಿ ಕಾಯಿಲೆ ಬಿದ್ದ, ತೀರಾ ತೂಕ ಕಡಿಮೆಯ ಕೂಸುಗಳ ಕಥೆಯೇನು’ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು, ಅವುಗಳಿಗೆ ಯಂತ್ರಗಳು ಬೇಕೇ ಬೇಕು. ಅಲ್ಲಿಯೂ ಒಂದು ತಮಾಷೆ ನಡೆದಿದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು ಇನ್‌ಕ್ಯುಬೇಟರುಗಳ ಕೊರತೆಯಿಂದಾಗಿ ಅಂಥ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಕಾಂಗರೂ ಆರೈಕೆ ಹುಟ್ಟಿದ್ದು ಹೀಗೆ, ಬಡತನದಿಂದ. ಬಹುಕಾಲ ಅದನ್ನು ಕೂಸು ಚೇತರಿಸಿಕೊಂಡ ಮೇಲೆ ಕೊಡುವ ಬಹುಮಾನದಂತೆ ನಡೆಸಿಕೊಂಡು ಬಂದರು. ಕೊನೆಗೆ ಭಾರತವೂ ಸೇರಿ ಐದು ದೇಶಗಳಲ್ಲಿ, 1.8 ಕಿಲೋಗಿಂತ ಕಡಿಮೆ ತೂಗುವ 3,211 ಕೂಸುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದೊಡನೆ ಎದೆಗೆ ಹಾಕಿದ ಗುಂಪಿನಲ್ಲಿ 28 ದಿನದೊಳಗಿನ ಸಾವು ಶೇ. 12 ಇದ್ದರೆ ಚೇತರಿಕೆಗಾಗಿ ಕಾದ ಗುಂಪಿನಲ್ಲಿ ಶೇ. 15.7 ಇತ್ತು. ಇದಕ್ಕೆ ಬೇಕಾದ ಮಹಾನ್ ತಂತ್ರಜ್ಞಾನವೆಂದರೆ ತೀವ್ರ ನಿಗಾ ಘಟಕದೊಳಗೆ ತಾಯಿಗೊಂದು ಮಂಚ ಹಾಕುವುದು. ನಮ್ಮ ಆಸ್ಪತ್ರೆಯವರಿಗೆ ಇದನ್ನು ವಿವರಿಸಿದಾಗ, ಮಂಚಕ್ಕೆ ಜಾಗವಿಲ್ಲ ಎಂದರು. ಅವರು ಹಾಗೆಂದದ್ದು, ಹೊಸದಾಗಿ ಬಂದ ನಾಲ್ಕನೆಯ ವಾರ್ಮರಿಗೆ ಜಾಗ ಮಾಡಿಸುತ್ತ.

ಮೂರನೆಯ ದಿನ ಡಿಸ್ಚಾರ್ಜ್ ಆಯಿತು. ಸಿಸ್ಟರ್ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದು, ‘ಮನೆಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಹತ್ತಿರವೇ ಇಟ್ಟುಕೊಳ್ಳಿ, ಬಿಟ್ಟು ಎಲ್ಲೂ ಹೋಗಬೇಡಿ’ ಎಂದು ತುಸು ಗದರಿಸಿಯೇ ಹೇಳಿದರು. ಆಮೇಲೆ ನಿಯಮದಂತೆ, ‘ಇದು ನಿಮ್ಮ ಮಗುವೇ ತಾನೇ ಅಮ್ಮ, ಸರಿಯಾಗಿ ನೋಡಿ ಹೇಳಿ’ ಎಂದರು. ತಾಯಿ ಕೂಸಿನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಬಟ್ಟೆ ಸರಿಸಿ, ಕಾಲಿಗೆ ಕಟ್ಟಿದ್ದ ಪಟ್ಟಿಯ ಮೇಲಿನ ನಂಬರನ್ನು ತನ್ನ ಕೈಯ ಪಟ್ಟಿಯೊಡನೆ ಹೋಲಿಸಿ ನೋಡಿ, ಹೌದು ಎಂದಳು.