ಅದೆಲ್ಲ ಅಜ್ಜನ ಕಾಲದ್ದು ಅನ್ನೋರಿಗೆ

ಅಮೆರಿಕದ ಕಪ್ಪು ಜನರ ವಿಷಯ ಬಂದಾಗೆಲ್ಲ ನಮ್ಮೋರದ್ದು ಒಂದೇ ರಾಗ, ಗುಲಾಮಗಿರಿ ಹೋಗಿ ನೂರೈವತ್ತು ವರ್ಷದ ಮೇಲಾಯ್ತು, ಒಬಾಮ ಪ್ರೆಸಿಡೆಂಟೂ ಆದ್ರು, ಇನ್ನೇನು ಗೋಳು ಅಂತ. ಅಲ್ಲೇ ಸೆಟ್ಲ್ ಆಗಿರೋ ನೆಂಟರೊಬ್ರು ಫ್ಯಾಮಿಲಿ ಗ್ರೂಪಲ್ಲಿ "ನಾವು ಬರಿಗೈಲಿ ಬಂದು ಮೇಲೆ ಬರ್ಲಿಲ್ವಾ?" ಅಂತ ಹಾಕಿದ್ರು. ಬರಿಗೈ ಎಲ್ಲಿ ಸ್ವಾಮಿ, ಇಂಜಿನಿಯರಿಂಗ್ ಡಿಗ್ರಿ ಇತ್ತಲ್ಲ! ಅದೂ ಅಲ್ದೆ ಮೊದಲು ಭಾರತದಿಂದ ವಲಸೆಗೆ ವರ್ಷಕ್ಕೆ ಬರೀ 100 ಜನರ ಕೋಟಾ ಇತ್ತು, ಅದನ್ನ ತೆಗೆದು ನಮ್ಮೋರಿಗೆ ಬಾಗಿಲು ತೆರೆದ 1965ರ ಕಾನೂನು ಬಂದಿದ್ದೇ ಕಪ್ಪು ಜನ ಬೀದೀಲಿ ಏಟು ತಿಂದು ಮಾಡಿದ ಹೋರಾಟದ ಬಿಸಿಯಲ್ಲಿ.

1960ರಲ್ಲಿ ನ್ಯೂ ಆರ್ಲಿಯನ್ಸ್‌ನ ಬಿಳಿಯರ ಸ್ಕೂಲಿಗೆ ಮಾರ್ಷಲ್‌ಗಳ ಕಾವಲಲ್ಲಿ ಹೋದ ಆರು ವರ್ಷದ ಕಪ್ಪು ಹುಡುಗಿ ರೂಬಿ ಬ್ರಿಡ್ಜಸ್ ಹುಟ್ಟಿದ್ದು 1954ರಲ್ಲಿ, ನಮ್ಮ ಎಷ್ಟೋ ಜನರ ಅಪ್ಪ ಅಮ್ಮನ ವಯಸ್ಸು. ಆ ಮಗು ಬಂತು ಅಂತ ಸ್ಕೂಲ್ ಬಿಡಿಸಿದ ಮನೆಗಳ ಮಕ್ಕಳಿಗೂ ಹೆಚ್ಚೂ ಕಮ್ಮಿ ಅಷ್ಟೇ.

ದ್ವೇಷ ಬರೀ ಮನಸಲ್ಲಿದ್ರೆ ಮುದುಕರ ಜೊತೆ ಹೋಗ್ತಿತ್ತೇನೋ, ಅಲ್ಲಿ ಅದು ಆಸ್ತಿ ಪತ್ರದಲ್ಲಿ ಕೂತಿತ್ತು. 1930ರ ದಶಕದಲ್ಲಿ ಸರ್ಕಾರದ ಸಂಸ್ಥೆಯೇ ಊರೂರಿನ ಮ್ಯಾಪ್ ಮಾಡಿ ಕಪ್ಪು ಜನರ ಏರಿಯಾಗಳಿಗೆ ಕೆಂಪು ಬಳೀತು, ಇಲ್ಲಿ ಸಾಲ ಕೊಟ್ರೆ ರಿಸ್ಕು ಅಂತ. 1947ರಲ್ಲಿ ನ್ಯೂಯಾರ್ಕ್ ಹತ್ರ ಲೆವಿಟ್‌ಟೌನ್ ಎದ್ದಾಗ ಯುದ್ಧ ಮುಗಿಸಿ ಬಂದ ಬಿಳಿ ಸೈನಿಕನಿಗೆ ಸುಲಭದ ಸಾಲದಲ್ಲಿ ಮನೆ ಸಿಕ್ತು, ಅದೇ ಯುದ್ಧ ಮಾಡಿ ಬಂದ ಕಪ್ಪು ಸೈನಿಕನಿಗೆ ಇಲ್ಲ, ಬಿಳಿಯರಲ್ಲದೋರು ವಾಸ ಮಾಡಕೂಡದು ಅಂತ ಕರಾರಲ್ಲೇ ಬರೆದಿತ್ತು. ಮನೆ ಮಾರೋದ್ರಲ್ಲಿ, ಬಾಡಿಗೆಗೆ ಕೊಡೋದ್ರಲ್ಲಿ ಬಣ್ಣ ನೋಡಕೂಡದು ಅನ್ನೋ ಫೇರ್ ಹೌಸಿಂಗ್ ಆಕ್ಟ್ ಬಂದಿದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್‌ನ ಕೊಂದ ಒಂದು ವಾರಕ್ಕೆ. ಅಷ್ಟೊತ್ತಿಗೆ ಒಂದಿಡೀ ತಲೆಮಾರು ಮನೆ ಮಾಡ್ಕೊಂಡಾಗಿತ್ತು, ರೇಟು ಏರಿತ್ತು, ಮುಂದೆ ಅದರ ಮೇಲೇ ಮಗನ ಕಾಲೇಜು, ಮೊಮ್ಮಗಳ ಡೌನ್ ಪೇಮೆಂಟು. ಅಪ್ಪ ಜಯನಗರದಲ್ಲಿ ಸೈಟ್ ಮಾಡಿಟ್ಟೋನಿಗೂ ಇವತ್ತಿಗೂ ಬಾಡಿಗೆ ಕಟ್ಟೋನಿಗೂ ಇರೋ ವ್ಯತ್ಯಾಸ ನಮಗೆ ಯಾರಾದ್ರೂ ಹೇಳಿಕೊಡ್ಬೇಕಾ? ಫೆಡರಲ್ ರಿಸರ್ವ್‌ನ 2022ರ ಸರ್ವೆ ಪ್ರಕಾರ ನಡುಮಧ್ಯದ ಬಿಳಿ ಕುಟುಂಬದ ಆಸ್ತಿ, ಸಾಲ ಕಳೆದು, ಸುಮಾರು 2,85,000 ಡಾಲರ್, ಕಪ್ಪು ಕುಟುಂಬದ್ದು 45,000ದ ಆಸುಪಾಸು.

ಸ್ಕೂಲ್ ಕಥೇನೂ ಇದಕ್ಕೇ ಅಂಟ್ಕೊಂಡಿದೆ. ಅಲ್ಲಿ ಸರ್ಕಾರಿ ಸ್ಕೂಲಿನ ದುಡ್ಡಲ್ಲಿ ದೊಡ್ಡ ಪಾಲು ಆ ಏರಿಯಾದ ಮನೆ ಕಂದಾಯದ್ದು, ಮನೆಗೆ ಬೆಲೆ ಇಲ್ಲ ಅಂದ್ರೆ ಸ್ಕೂಲಿಗೂ ದುಡ್ಡಿಲ್ಲ. ಟೆಕ್ಸಾಸಿನ ಬಡ ಮೆಕ್ಸಿಕನ್ ಮೂಲದ ಪೋಷಕರು ಇದನ್ನೇ ಕೇಳ್ಕೊಂಡು ಸುಪ್ರೀಂ ಕೋರ್ಟ್ ತನಕ ಹೋದ್ರು, 1973ರಲ್ಲಿ 5-4ರಲ್ಲಿ ಸೋತ್ರು. ನಮ್ಮೋರು ಅಲ್ಲಿ ಮನೆ ಹುಡುಕೋವಾಗ ಮೊದಲು ನೋಡೋದೇ ಸ್ಕೂಲ್ ರೇಟಿಂಗು, ಹತ್ತಕ್ಕೆ ಒಂಬತ್ತಾ ಹತ್ತಾ ಅಂತ. ಆ ಪಕ್ಕದ ಏರಿಯಾಗೆ ಮೂರೇ ಯಾಕೆ ಬಂತು ಅಂತ ಗ್ರೂಪಲ್ಲಿ ಕೇಳ್ದೆ, ಥಂಬ್ಸ್ ಅಪ್ ಕೂಡ ಬರ್ಲಿಲ್ಲ.